ಲಾಭ ಅನ್ನದ ದೆವ್ವ

ಗಂಗಾವತಿಯಲ್ಲಿ ಹೇಮಪ್ಪನ ಮುಖ ಗೊತ್ತಿಲ್ಲದವರು ಇದ್ದಾರು, ದನಿ ಗೊತ್ತಿಲ್ಲದವರು ಇಲ್ಲ. ಆಷಾಢದ ಸೀರೆ ಸೇಲ್ ಇರಲಿ, ಕಳೆದುಹೋದ ಎಮ್ಮೆ ಇರಲಿ, ಎಡದಂಡೆ ಕಾಲುವೆಗೆ ನೀರು ಬಿಡುವ ಸುದ್ದಿ ಇರಲಿ, ಆಟೋದ ತಲೆಯ ಮೇಲಿನ ಮೈಕಿನಿಂದ ಓಣಿ ಓಣಿಗೆ ಬಂದು ಬೀಳುವ ಆ ದಪ್ಪ ದನಿ ಇಪ್ಪತ್ತೆರಡು ವರ್ಷಗಳಿಂದ ಅವನದೇ. ಉಳಿದ ಅನೌನ್ಸರುಗಳು ಮೈಕು ಹಿಡಿದ ಕೂಡಲೆ ಹಲೋ ಹಲೋ ಎಂದು ಒದರುತ್ತಾರೆ. ಹೇಮಪ್ಪ ಹಾಗಲ್ಲ. ಮೈಕಿನ ತಲೆಗೆ ಬೆರಳಿನಿಂದ ಎರಡು ಸಲ ಬಡಿದು, ಗಂಟಲು ಸರಿಮಾಡಿಕೊಂಡು, "ಒಂದು... ಎರಡು... ಮೂರು..." ಎಂದು ಅಚ್ಚ ಕನ್ನಡದಲ್ಲಿ ಎಣಿಸಿ ಆಮೇಲೆ ಮಾತು ಶುರುಮಾಡುತ್ತಿದ್ದ. ಅದರ ಮೇಲೆ ಅವನಿಗೆ ದೊಡ್ಡ ಹೆಮ್ಮೆ.

ಅಂಥ ಮನುಷ್ಯ ಆ ದಿನ ಬೆಳಿಗ್ಗೆ ಫೋನಿನ ದನಿ ಪೂರಾ ಬಂದ್ ಮಾಡಿಕೊಂಡು, ಒಂದು ವಿಡಿಯೋವನ್ನು ಕಿವುಡನ ಹಾಗೆ ನೋಡುತ್ತ ಪಡಸಾಲೆಯಲ್ಲಿ ಕೂತಿದ್ದ.

ಅದು 'ಬಂದಾದ ಗಿರಣಿ' ಎಂಬ ಫೋನ್ ಆಟದ ಎರಡನೇ ಭಾಗದ ಜಾಹೀರಾತು. ಮೊದಲನೇ ಭಾಗದ ಕಥೆ ಹೇಮಪ್ಪನದು. ಕೊರೊನಾ ಕಾಲದಲ್ಲಿ ಊರು ಮುಚ್ಚಿದಾಗ ಅವನಿಗೂ ಕೆಲಸವಿರಲಿಲ್ಲ, ಅವನ ಜಾಹೀರಾತು ರೆಕಾರ್ಡ್ ಮಾಡಿಕೊಡುವ ಕಂಪ್ಯೂಟರ್ ಅಂಗಡಿಯ ಅಕ್ಬರನಿಗೂ ಇರಲಿಲ್ಲ. ಅಕ್ಬರ ಇಂಟರ್ನೆಟ್ ನೋಡಿ ಆಟ ಮಾಡುವುದನ್ನು ಕಲಿತಿದ್ದ. ಹೇಮಪ್ಪ ಹುಟ್ಟೂರು ಮರಳಿಯಲ್ಲಿ ಕೇಳಿದ ದೆವ್ವದ ಕಥೆಗಳನ್ನು ಸೇರಿಸಿ ಒಂದು ಕಥೆ ಕಟ್ಟಿ ಹೇಳಿದ. ಮುಚ್ಚಿದ ಅಕ್ಕಿ ಗಿರಣಿಯೊಳಗೆ ಒಬ್ಬ ಹುಡುಗಿ ಟಾರ್ಚ್ ಹಿಡಿದು ಹೋಗುತ್ತಾಳೆ. ಒಳಗೆ ಕತ್ತಲಲ್ಲಿ ಯಾರೋ ಕೊಳಗದಿಂದ ಭತ್ತ ಅಳೆಯುತ್ತ ಎಣಿಸುತ್ತಿರುತ್ತಾರೆ. ಎಣಿಕೆ ಹತ್ತಕ್ಕೆ ಬರುವುದರೊಳಗೆ ಆಕೆ ಅಡಗಿಕೊಳ್ಳಬೇಕು, ಇಲ್ಲವಾದರೆ ಕೊಳಗ ತಲೆಗೆ ಬೀಳುತ್ತದೆ. ಚೀಲಗಳ ಕೆಳಗೆ ಸಿಕ್ಕು ಸತ್ತ ಅಳೆಯುವವನ ದೆವ್ವವಂತೆ ಅದು. ದೆವ್ವದ ದನಿಯನ್ನು ಹೇಮಪ್ಪನೇ ಕೊಟ್ಟ. ಅಕ್ಬರನ ಹಾಳೆಯಲ್ಲಿ 'ದೆವ್ವ ಎಣಿಸುತ್ತದೆ' ಎಂದಷ್ಟೇ ಇತ್ತು. ಹೇಮಪ್ಪ ಮೈಕಿಗೆ ಎರಡು ಸಲ ಬಡಿದ, ಗಂಟಲು ಸರಿಮಾಡಿಕೊಂಡ, ಎಣಿಸಿದ. ಒಂದೇ ಸಲಕ್ಕೆ ಮುಗಿಯಿತು.

ಆಟ ಯಾರೂ ಎಣಿಸಿರದಷ್ಟು ಓಡಿತು. ಕುಷ್ಟಗಿಯ ಗವಿಸಿದ್ದೇಶ ಎಂಬುವನು ಯೂಟ್ಯೂಬಿನಲ್ಲಿ ಆಟಗಳನ್ನು ನಮ್ಮ ಭಾಷೆಯಲ್ಲೇ ಒರೆಗೆ ಹಚ್ಚುತ್ತಾನೆ. ಅವನು ಹೊಗಳಿದರೆ ಹೊಗಳಿಕೆ, ಬೈದರೆ ಬೈಗುಳ. ಅವನೇ, ಕಥೆಯೆಂದರೆ ಇದು, ಬೆಂಗಳೂರಿನವರು ಬಂದು ಕಲಿಯಲಿ ಎಂದುಬಿಟ್ಟ. ಅಲ್ಲಿಂದ ಹೇಮಪ್ಪನ ಕಾಲು ನೆಲಕ್ಕೆ ಹತ್ತಲಿಲ್ಲ. ಎರಡನೇ ಭಾಗ ಬರೆಯೋಣ ಬರ್ರಿ ಎಂದು ಅಕ್ಬರ ನಾಲ್ಕು ಸಲ ಮನೆಗೆ ಬಂದ. ನಾಲ್ಕು ಸಲವೂ ಹೇಮಪ್ಪ ನೋಡೋಣ, ಅವಸರ ಏನೈತಿ ಎಂದ. ಚಹಾದ ಅಂಗಡಿಯಲ್ಲಿ ಕೂತು, ನಾನಿಲ್ಲದೆ ಎರಡನೇ ಭಾಗ ಹೆಂಗ ಹುಟ್ಟತೈತಿ ನೋಡೇಬಿಡತೀನಿ ಎಂದೂ ಅಂದ. ಅದು ಅಕ್ಬರನ ಕಿವಿಗೆ ಬಿತ್ತು. ಐದನೇ ಸಲ ಅವನು ಬರಲಿಲ್ಲ.

ಎರಡನೇ ಭಾಗದ ಕಥೆ ಬರೆದವಳು ಅಕ್ಬರನ ಅಣ್ಣ ಉಮರಸಾಬನ ಮಗಳು ಮೆಹಜಬೀನ. ಯಲಬುರ್ಗಾದ ಸಾಲಿಯಲ್ಲಿ ಟೀಚರು. ಸಣ್ಣಾಕಿ ಇದ್ದಾಗ ಹೇಮಪ್ಪ ಕಾಕಾ ಎಂದು ಆಟೋದ ಹಿಂದೆ ಓಡುತ್ತಿದ್ದವಳು.

ಆಟ ಬಂದು ಎರಡು ವಾರದಲ್ಲಿ ಹೇಮಪ್ಪನ ಊಟ ರುಚಿ ಕಳೆದುಕೊಂಡಿತು. ಮೊದಲನೆಯದು ಅಂಜಿಸಿತ್ತು, ಎರಡನೆಯದು ಅಂಜಿಸಿ ಅಳಿಸಿತು ಎಂದು ಒಬ್ಬ ಬರೆದ. ಎರಡನೇ ಭಾಗ ಮೊದಲನೆಯದಕ್ಕಿಂತ ಛಲೋ ಬಂದದ್ದು ನನ್ನ ಜೀವನದಾಗ ಇದೇ ಮೊದಲು ಎಂದು ಇನ್ನೊಬ್ಬ. ಪತ್ರಿಕೆಯೊಂದು ಅರ್ಧ ಪುಟ ಹಾಕಿ, ಕಥೆಗಾರ್ತಿಯ ಫೋಟೋ ಹಾಕಿತು. ಕಥೆಗಾರ್ತಿ ಎಂಬ ಆ ಶಬ್ದವನ್ನು ಹೇಮಪ್ಪ ಮೂರು ಸಲ ಓದಿದ. ಮೊದಲ ಭಾಗ ಬಂದಾಗ ಅವನ ಫೋಟೋ ಯಾರೂ ಹಾಕಿರಲಿಲ್ಲ.

ಆಟವನ್ನು ಮಾತ್ರ ಅವನು ಆಡಲಿಲ್ಲ, ಇಳಿಸಿಕೊಳ್ಳಲೂ ಇಲ್ಲ. ಜನ ಬರೆದ ಅಭಿಪ್ರಾಯಗಳನ್ನು ಕೆಳಗಿನಿಂದ ಓದಿದ, ಅಂದರೆ ಬೈದವರದ್ದನ್ನು ಮೊದಲು. ಫೋನು ಬಿಸಿಯಾಗುತ್ತದೆ ಎಂದು ಗಿಣಿಗೇರಿಯ ಫ್ಯಾಕ್ಟರಿ ಕೆಲಸಗಾರನೊಬ್ಬ ಬರೆದಿದ್ದ. ಹೇಮಪ್ಪ ಅದನ್ನು ಅಡಿಗೆಮನೆಯ ತನಕ ಒಯ್ದು ಹೆಂಡತಿ ಲಲಿತಾಗೆ ಓದಿ ತೋರಿಸಿದ. ನಡುವೆ ಕಾಲುವೆಯ ದಂಡೆಯ ಮೇಲೆ ಸುಮ್ಮನೆ ನಡೆಸಿ ನಡೆಸಿ ಬೇಸರ ತರಿಸುತ್ತಾರೆ ಎಂದು ಇನ್ನೊಬ್ಬ ಬರೆದದ್ದನ್ನಂತೂ ಎರಡು ದಿನ ಬಾಯಿಪಾಠ ಹೇಳಿದ.

"ನೂರು ಮಂದಿ ಹೊಗಳ್ಯಾರ, ನೀವು ಮೂರು ಮಂದಿ ಬೈದಿದ್ದು ಹುಡುಕಿ ಹುಡುಕಿ ಓದ್ತೀರಿ," ಎಂದಳು ಲಲಿತಾ. "ಮನ್ಯಾಗಿನ ಕಸ ಹಿಂಗ ಹುಡುಕಿದ್ರ ನಾ ಕಸಬರಗಿ ಹಿಡಿಯೂದ ಬ್ಯಾಡ ಆಗಿತ್ತು."

ಅವನಿಗೆ ಸಿಟ್ಟು ಬಂತು. ಹೊರಗೆ ಬಂದು ಪಡಸಾಲೆಯಲ್ಲಿ ಕೂತು ಆ ಜಾಹೀರಾತಿನ ವಿಡಿಯೋ ಹಚ್ಚಿದ. ದನಿ ಬಂದ್ ಮಾಡಿದ್ದು ಯಾಕೆಂದರೆ, ತನ್ನ ಜಾಗದಲ್ಲಿ ಈಗ ಯಾವ ಮಗ ದೆವ್ವದ ದನಿ ಕೊಟ್ಟಿದ್ದಾನೋ, ಅದನ್ನು ಕೇಳುವ ಧೈರ್ಯ ಇರಲಿಲ್ಲ. ತನಗಿಂತ ಛಲೋ ಕೊಟ್ಟಿದ್ದರೆ? ಅದಕ್ಕೇ ಬರೀ ಚಿತ್ರ ನೋಡಿದ, ಕೆಳಗೆ ಮೂಡುವ ಅಕ್ಷರ ಓದಿದ. ಕತ್ತಲೆ. ಕೊಳಗ. ಭತ್ತ ಸುರಿಯುವ ಕೈ. ಕೆಳಗೆ ಅಕ್ಷರ ಮೂಡಿತು: ಒಂದು... ಎರಡು... ಮೂರು...

ಹೇಮಪ್ಪ ವಿಡಿಯೋ ನಿಲ್ಲಿಸಿದ. ಮುಖದಲ್ಲಿ ಎರಡು ವಾರದ ಮೇಲೆ ಬೆಳಕು ಬಂತು.

ಕಣದಲ್ಲಿ ಭತ್ತ ಅಳೆಯುವವನು ಮೊದಲನೇ ಕೊಳಗಕ್ಕೆ ಒಂದು ಎನ್ನುವುದಿಲ್ಲ. ಲಾಭ ಎನ್ನುತ್ತಾನೆ. ಲಾಭ, ಎರಡು, ಮೂರು, ಹೀಗೆ ಹೋಗುತ್ತದೆ ಎಣಿಕೆ. ಬೆಳೆದವನ ರಾಶಿ ಬರಕತ್ತಾಗಲಿ, ಹೆಚ್ಚಲಿ ಎಂದು ಅಜ್ಜ ಮುತ್ತಜ್ಜರ ಕಾಲದಿಂದ ಬಂದ ರೂಢಿ. ಮರಳಿಯ ಕಣಗಳಲ್ಲಿ ಹುಡುಗನಿದ್ದಾಗಿಂದ ಹೇಮಪ್ಪ ಅದನ್ನು ಕೇಳಿದ್ದ. ಅಳೆಯುವವನ ದೆವ್ವವಂತೆ, ಒಂದು ಅನ್ನುತ್ತದಂತೆ! ಅದೂ ಬರೆದವಳ ಅಪ್ಪ ಉಮರಸಾಬ ಹರೆಯದಲ್ಲಿ ಊರೂರ ಕಣದಲ್ಲಿ ಕೊಳಗ ಹಿಡಿದು ಅಳೆದವನು. ಮೊದಲನೇ ಭಾಗದಲ್ಲಿ ತಾನು ಏನೆಂದಿದ್ದೆ ಎಂದು ಹೇಮಪ್ಪ ನೆನಪು ಮಾಡಿಕೊಳ್ಳಲೇ ಇಲ್ಲ. ಸರಿಯಾಗಿಯೇ ಅಂದಿರಬೇಕು, ಅಂದವನು ತಾನಲ್ಲವೇ.

ಆಟಕ್ಕೆ ಅಭಿಪ್ರಾಯ ಬರೆಯುವ ಜಾಗದಲ್ಲಿ ಐದು ಚಿಕ್ಕಿ, ಅಂದರೆ ನಕ್ಷತ್ರಗಳಿರುತ್ತವೆ, ಮೆಚ್ಚಿದಷ್ಟು ಒತ್ತಬೇಕು. ಅದಕ್ಕೊಂದು ಷರತ್ತು, ಆಟ ಇಳಿಸಿಕೊಂಡಿರಬೇಕು. ಇಳಿಸಿಕೊಂಡ, ತೆರೆಯಲಿಲ್ಲ. 'ಮರಳಿಯ ಹುಲಿ' ಎಂದು ಸುಳ್ಳು ಹೆಸರು ಹಾಕಿ ಒಂದೇ ಚಿಕ್ಕಿ ಒತ್ತಿದ. ಬರೆದ:

"ಸಾರ್ವಜನಿಕರ ಗಮನಕ್ಕೆ. ಈ ಆಟ ಮಾಡಿದವರಿಗೆ ನಮ್ಮ ಕಡೆಯ ಕಣ ಗೊತ್ತಿಲ್ಲ, ಕೊಳಗ ಗೊತ್ತಿಲ್ಲ. ಭತ್ತ ಅಳೆಯುವವನು ಬದುಕಿರಲಿ ಸತ್ತಿರಲಿ, ಮೊದಲ ಕೊಳಗಕ್ಕೆ ಲಾಭ ಅನ್ನುತ್ತಾನೆಯೇ ಹೊರತು ಒಂದು ಅನ್ನುವುದಿಲ್ಲ. ಒಂದು ಅಂದವನು ಅಳೆಯುವವನೇ ಅಲ್ಲ. ಇಂಥ ಮೂಲದ ತಪ್ಪು ಮಾಡಿದವರನ್ನು ಕಥೆಗಾರರು ಎಂದು ಕರೆಯುವುದು ಕಥೆಗೇ ಅವಮಾನ. ಮರೆಯದಿರಿ, ಮರೆತು ನಿರಾಶರಾಗದಿರಿ."

ಆ ದಿನ ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚಿಗೆ ಉಂಡ.

ಬುಧವಾರ ಗವಿಸಿದ್ದೇಶನ ಹೊಸ ವಿಡಿಯೋ ಬಂತು. ಹೆಸರೇ 'ಮರಳಿಯ ಹುಲಿಗೆ ಒಂದು ಉತ್ತರ'. ಹೇಮಪ್ಪ ದನಿ ಹಚ್ಚಿ, ಲಲಿತಾಳನ್ನೂ ಕರೆದು ಪಕ್ಕದಲ್ಲಿ ಕೂಡಿಸಿಕೊಂಡ. ಗವಿಸಿದ್ದೇಶ ಆ ಬರಹವನ್ನು ಪೂರಾ ಓದಿದ. ಓದಿ, ಈ ಹಿರಿಯರು ಆಟ ಆಡಿಲ್ಲ, ಅದು ಖರೆ, ಎಂದ. ಆದರೆ ಇವರು ಎರಡು ಸಾಲಿನಲ್ಲಿ ಬರೆದದ್ದನ್ನು ಕಂಡುಹಿಡಿಯಲಿಕ್ಕೆ ನಮಗೆ ಮೂರು ತಾಸು ಬೇಕಾಯಿತು, ಆಟದ ಗುಟ್ಟೇ ಇದು, ಆಡದವರು ಇಲ್ಲಿಗೇ ವಿಡಿಯೋ ಬಂದ್ ಮಾಡಿರಿ ಎಂದು ಹೇಳಿ ಆಟದ ಒಂದು ತುಣುಕು ಹಚ್ಚಿದ.

ಗಿರಣಿಯ ಒಳಗೆ ಈ ಸಲ ಬಂದವಳು ಸತ್ತ ಅಳೆಯುವವನ ಮಗಳು. ಕತ್ತಲಲ್ಲಿ ಎಣಿಕೆ ಶುರುವಾಯಿತು. "ಒಂದು..."

ಹೇಮಪ್ಪ ಫೋನು ಎತ್ತಿ ಕಿವಿಯ ಹತ್ತಿರ ಹಿಡಿದ. ಅದು ಅವನದೇ ದನಿ. ಮೊದಲನೇ ಭಾಗದ ಅದೇ ದನಿ, ಮೈಕಿಗೆ ಬಡಿದು, ಗಂಟಲು ಸರಿಮಾಡಿಕೊಂಡು, ಇಪ್ಪತ್ತೆರಡು ವರ್ಷದ ಚಟದಂತೆ ಒಂದು, ಎರಡು, ಮೂರು ಅಂದ ದನಿ.

ಮಗಳು ಓಡಲಿಲ್ಲ, ಅಡಗಲಿಲ್ಲ. ಟಾರ್ಚ್ ಕೆಳಗಿಳಿಸಿ ನಿಂತು ಮೆಲ್ಲಗೆ ಅಂದಳು: "ಇದು ನಮ್ಮಪ್ಪ ಅಲ್ಲ. ನಮ್ಮಪ್ಪ ಒಂದು ಅನ್ನಂಗಿಲ್ಲ."

ಅಲ್ಲಿಂದ ಕಥೆ ಮಗುಚಿಕೊಂಡಿತು. ದೆವ್ವವೇ ಇರಲಿಲ್ಲ. ಎಣಿಸುತ್ತಿದ್ದವನು ಗಿರಣಿಯ ಯಜಮಾನ. ಅಳೆಯುವವನನ್ನು ಕೊಂದವನೇ, ಯಾರೂ ಒಳಗೆ ಬರಬಾರದೆಂದು ಸತ್ತವನ ಹಾಗೆ ದನಿ ತೆಗೆದು ಅಂಜಿಸುತ್ತಿದ್ದ. ಜನ್ಮದಲ್ಲಿ ಕೊಳಗ ಮುಟ್ಟದವನಾದ್ದರಿಂದ ಅವನಿಗೆ ರೂಢಿ ಗೊತ್ತಿರಲಿಲ್ಲ. ತುಣುಕು ಮುಗಿದಾಗ ಹೆಸರುಗಳು ಮೇಲೇರಿದವು. ಎಲ್ಲಕ್ಕಿಂತ ಮೊದಲ ಸಾಲು: ಎಣಿಸುವ ದನಿ, ಹೇಮಪ್ಪ, ಮರಳಿ.

ಲಲಿತಾ, "ಅಂದ್ರ ತಪ್ಪು ಮಾಡಿದವರೂ ನೀವ, ಒಂದು ಚಿಕ್ಕಿ ಕೊಟ್ಟವರೂ ನೀವ," ಎಂದಳು.

ಹೆಸರು ಹಾಕಿದ್ದಾರೆಂದು ಅವನಿಗೆ ಖುಷಿಯಾಗಲಿಲ್ಲ. ಹೊಟ್ಟೆಯೊಳಗೆ ಇನ್ನೊಂದು ಒಲೆ ಹತ್ತಿತು. ಊರೆಲ್ಲ ಹೊಗಳಿದ ಕಥೆಯ ಆ ತಿರುವು, ಅರ್ಧ ಪುಟದ ಫೋಟೋ, ಕಥೆಗಾರ್ತಿ ಎಂಬ ಪದವಿ, ಎಲ್ಲ ನಿಂತದ್ದು ತನ್ನ ಬಾಯಿತಪ್ಪಿನ ಮೇಲೆ. ತಾನು ಕೆಡಿಸಿದ್ದರಲ್ಲಿ ಆಕೆ ಬಂಗಾರ ತೆಗೆದಿದ್ದಳು. ತಾನು ಸರಿಯಾಗಿ ಲಾಭ ಅಂದಿದ್ದರೆ ಆಕೆಗೆ ಏನು ಸಿಗುತ್ತಿತ್ತು, ಮಣ್ಣು?

ವಿಡಿಯೋದ ಕೊನೆಗೆ ಗವಿಸಿದ್ದೇಶ ಒಂದು ಪ್ರಶ್ನೆ ಹಾಕಿದ್ದ. ಮೊದಲನೇ ಭಾಗದ ಕಥೆಗಾರ ಹೇಮಪ್ಪನವರು ಮರಳಿಯವರು, ಭತ್ತದ ಸೀಮೆಯವರು. ಅವರಿಗೆ ಲಾಭ ಗೊತ್ತಿಲ್ಲದೆ ಇರುತ್ತದೆಯೇ? ಮೂರು ವರ್ಷ ಮೊದಲೇ ಬೇಕಂತಲೇ ಆ ಗುಟ್ಟನ್ನು ಅವರು ಹುದುಗಿಸಿ ಇಟ್ಟಿದ್ದರೇ? ರವಿವಾರ ಗಂಗಾವತಿಗೆ ಬರುತ್ತೇನೆ, ಅವರನ್ನೇ ಕೇಳುತ್ತೇನೆ.

ಹೇಮಪ್ಪ ಆ ಭಾಗವನ್ನು ಹಿಂದಕ್ಕೆ ಸರಿಸಿ ಮತ್ತೆ ಕೇಳಿದ. ಬೇಕಂತಲೇ. ಹೌದಲ್ಲ. ಹೌದು ಅಂದುಬಿಟ್ಟರೆ? ಒಂದೇ ಶಬ್ದ. ಹೌದು ಅಂದ ಕ್ಷಣಕ್ಕೆ ಬಾಯಿತಪ್ಪು ಬುದ್ಧಿವಂತಿಕೆ ಆಗುತ್ತದೆ, ಮೆಹಜಬೀನ ಬರೀ ತಾನಿಟ್ಟ ಗಂಟು ಬಿಚ್ಚಿದವಳು ಆಗುತ್ತಾಳೆ, ಎರಡೂ ಭಾಗಗಳ ಕಥೆ ತನ್ನದಾಗುತ್ತದೆ. ಅಲ್ಲ ಅಂದರೆ ತಾನು ಊರಿನ ರೂಢಿಯನ್ನೇ ಮರೆತ ಮೈಕಿನವ. ಅದು ಬಾಯಿತಪ್ಪು ಎಂದು ಅಕ್ಬರ ಬಲ್ಲನೇ? ಬಲ್ಲನಾದರೂ ಸಾಕ್ಷಿ ಏನಿದೆ? ಹಾಳೆಯಲ್ಲಿ 'ದೆವ್ವ ಎಣಿಸುತ್ತದೆ' ಎಂದಷ್ಟೇ ಇತ್ತು.

ಸಂಜೆ ಅಕ್ಬರನ ಫೋನು ಬಂತು. ಒಂದು ವರ್ಷದ ಮೇಲೆ ಬಂದ ಫೋನು. ರವಿವಾರ ಹತ್ತು ಗಂಟೆಗೆ, ಉಮರಣ್ಣ ಮೊದಲು ಕೆಲಸ ಮಾಡುತ್ತಿದ್ದ ಗಿರಣಿಯ ಅಂಗಳದಲ್ಲಿ ಎಂದು ಹೇಳಿದ. ಒಂದು ಚಿಕ್ಕಿಯ ಮಾತೇ ಎತ್ತಲಿಲ್ಲ. ಹೇಮಪ್ಪನಿಗೆ ಜೀವ ಹಗುರಾಯಿತು. ಫೋನು ಇಡುವಾಗ ಅಕ್ಬರ ತಣ್ಣಗೆ ಅಂದ:

"ಮರೀಬ್ಯಾಡ್ರಿ ಹೇಮಣ್ಣ. ಮರೆತು ನಿರಾಶರಾಗಬ್ಯಾಡ್ರಿ."

ಇಪ್ಪತ್ತೆರಡು ವರ್ಷ ಊರಿಗೆಲ್ಲ ಕೇಳಿಸಿದ ಸಾಲನ್ನು ಕಳ್ಳ ಹೆಸರಿನ ಕೆಳಗೆ ಬರೆದವನಿಗೆ ಇನ್ನೇನು ಆಗಬೇಕು.

ಮೂರು ದಿನ ಅವನು ಬಚ್ಚಲ ಕನ್ನಡಿಯ ಮುಂದೆ ನಿಂತು ಹೌದು ಎನ್ನುವುದನ್ನು ಅಭ್ಯಾಸ ಮಾಡಿದ. ದೊಡ್ಡದಾಗಿ ಅಂದರೆ ಸುಳ್ಳು ಅನಿಸುತ್ತಿತ್ತು. ಸಣ್ಣ ನಗೆ ನಕ್ಕು, ಅದನ್ನೆಲ್ಲ ಯಾಕ ಕೇಳ್ತೀರಿ ಬಿಡ್ರಿ, ಎಂದರೆ ಖರೆ ಅನಿಸುತ್ತಿತ್ತು. ಅದನ್ನೇ ಗಟ್ಟಿ ಮಾಡಿಕೊಂಡ.

ರವಿವಾರ ಗಿರಣಿಯ ಅಂಗಳದಲ್ಲಿ ನಾಲ್ಕು ಕುರ್ಚಿ, ಒಂದು ಕ್ಯಾಮೆರಾ. ಉಮರಸಾಬ ಮನೆಯಿಂದ ತನ್ನ ಹಳೆಯ ಕೊಳಗ ತಂದಿದ್ದ. ಅದರ ಅಂಚು ಸವೆದು ಕನ್ನಡಿಯಂತಾಗಿತ್ತು. ಗವಿಸಿದ್ದೇಶ ಹುಡುಗನಂತಿದ್ದ, ಹೇಮಪ್ಪನ ಕಾಲಿಗೆ ಬಗ್ಗಿ ನಮಸ್ಕಾರ ಮಾಡಿದ. ಹೇಮಪ್ಪನ ಕಣ್ಣು ಮಾತ್ರ ಮೆಹಜಬೀನಳ ಮೇಲೆ. ಹಳದಿ ಚೂಡಿದಾರ, ಭುಜಕ್ಕೆ ಸಾಲಿಯ ಚೀಲ. ಯಲಬುರ್ಗಾದ ಬಸ್ಸಿಳಿದು ನೇರ ಬಂದಿದ್ದಳು. ಅಹಂಕಾರದ ಒಂದು ಎಳೆಯಾದರೂ ಕಂಡಿದ್ದರೆ ಅವನಿಗೆ ಆಸರೆಯಾಗುತ್ತಿತ್ತು. ಕಾಣಲಿಲ್ಲ. ಅದಕ್ಕೂ ಸಿಟ್ಟು ಬಂತು.

ಕ್ಯಾಮೆರಾ ಸರಿಮಾಡುವ ಹೊತ್ತಿಗೆ ಆಕೆ ಅವನನ್ನು ತಗಡಿನ ನೆರಳಿಗೆ ಕರೆದಳು.

"ಕಾಕಾ, ಬೇಕಂತನ ಇಟ್ಟಿದ್ದೆ ಅಂತ ನೀವು ಅಂದ್ರ ನಾ ಅಲ್ಲ ಅನ್ನಂಗಿಲ್ಲ. ಚಾಚಾಗೂ ಹೇಳೀನಿ. ಮೊದಲು ಗಿರಣಿ ಕಟ್ಟಿದವರು ನೀವ."

ಹೇಮಪ್ಪ ಆಕೆಯ ಮುಖ ನೋಡಿದ. ಮೂರು ದಿನ ಕನ್ನಡಿಯ ಮುಂದೆ ನಿಂತು ಯಾವುದನ್ನು ಕಸಿದುಕೊಳ್ಳಲು ಹೊಂಚು ಹಾಕಿದ್ದನೋ, ಅದನ್ನು ಈ ಹುಡುಗಿ ಸಣ್ಣ ಹುಡುಗರಿಗೆ ಬಳಪ ಕೊಟ್ಟ ಹಾಗೆ ಎತ್ತಿ ಕೊಡುತ್ತಿದ್ದಳು. ಕದಿಯಲು ಬಂದವನಿಗೆ ಬಾಗಿಲು ತೆರೆದು ಒಳಗೆ ಬರ್ರಿ ಅಂದಂತೆ. ಅವನು ಬಂದು ಕುರ್ಚಿಯಲ್ಲಿ ದೊಪ್ಪನೆ ಕೂತ.

ಗವಿಸಿದ್ದೇಶ ಅದು ಇದು ಕೇಳಿ, ಆಮೇಲೆ ಆ ಪ್ರಶ್ನೆ ಕೇಳಿದ. ಹೇಮಪ್ಪನಿಗೆ ಅಭ್ಯಾಸ ಮಾಡಿದ ಸಣ್ಣ ನಗೆ ತುಟಿಯ ತನಕ ಬಂತು. ಎದುರಿಗೆ ಮೆಹಜಬೀನ ಹೂಂ ಎನ್ನಲು ತಯಾರಾಗಿ ಕೂತಿದ್ದಳು. ಆ ತಯಾರಿ ನೋಡಿಯೇ ಅವನ ತಲೆ ಬಿಸಿಯಾಯಿತು. ಈಕೆಯ ಭಿಕ್ಷೆ ಉಂಡು ಸಾಯುವ ತನಕ ಈಕೆಯ ಮುಖ ನೋಡಬೇಕೇ?

"ಬೇಕಂತ ಇಟ್ಟಿಲ್ಲ," ಎಂದ. "ತಪ್ಪು ಅಂದೆ. ಮೈಕ್ ಕಂಡ್ರ ನನ್ನ ಬಾಯಿ ಒಂದು ಅಂತೈತಿ. ಮರಳ್ಯಾಗ ಹುಟ್ಟಿ, ಕಣದಾಗ ಆಡಿ, ಲಾಭ ಅನ್ನೂದು ಮರೆತೆ. ಇಷ್ಟ. ಮತ್ತ ಆ ಮರಳಿಯ ಹುಲಿ ಅದಾನಲ್ಲ, ಅವನೂ ನಾನ. ಆಟ ಆಡಲಾರದ ಬರದೆ. ವಿಡಿಯೋದಾಗ ಹಾಕು, ಇಲ್ಲಾ ಕತ್ತರಿಸು, ನಿನ್ನಿಷ್ಟ."

ಆಗ ಉಮರಸಾಬ ತೊಡೆಯ ಮೇಲಿದ್ದ ಕೊಳಗವನ್ನು ಕೈಯಿಂದ ಒರೆಸುತ್ತ ಹೇಳಿದ:

"ನಾ ಮೊದಲನೇದು ಕೇಳಿದಾಗ ಭಾಳ ನಕ್ಕಿದ್ದೆ ಹೇಮಪ್ಪ. ಇವ ಯಾವ ಸೀಮಿ ಅಳೆಯಾವ ಅಂತ. ಈಕಿ ನಗಲಿಲ್ಲ. ಮೂರು ದಿನ ನಿನ್ನ ದನಿ ಹಚ್ಚಿಕೊಂಡು ಕುಂತಳು. ಹಿಂಗ ಅನ್ನಾವ ಯಾರು ಇರಬೇಕು ಅಪ್ಪಾ, ಯಾಕ ಹಿಂಗ ಅಂತಾನ ಅಂತ ನನ್ನ ಜೀವ ತಿಂದಳು."

ಅದು ನಟ್ಟಿತು. ತನ್ನ ದನಿಯನ್ನು ತಾನು ಒಂದು ದಿನವೂ ಅಷ್ಟು ಕಿವಿಗೊಟ್ಟು ಕೇಳಿರಲಿಲ್ಲ. ಆಕೆ ಕೇಳಿದ್ದಳು. ಕಥೆ ಬಂದದ್ದು ತಪ್ಪಿನಿಂದಲ್ಲ, ಆ ಮೂರು ದಿನದಿಂದ. ಇದನ್ನು ಒಪ್ಪುವುದಕ್ಕಿಂತ ತಪ್ಪು ಒಪ್ಪಿದ್ದು ಸುಲಭವಾಗಿತ್ತು.

ಎಲ್ಲ ಮುಗಿದ ಮೇಲೆ ಅವನು ಮನೆಗೆ ಹೋಗಲಿಲ್ಲ. ತಗಡಿನ ನೆರಳಿನಲ್ಲಿ ಕೂತು ಫೋನು ತೆಗೆದು, ದನಿ ಪೂರಾ ಏರಿಸಿ, ಆಟ ತೆರೆದ. ಆಡಲು ಬರುತ್ತಿರಲಿಲ್ಲ. ಮೆಹಜಬೀನ ಪಕ್ಕದಲ್ಲಿ ಕೂತು ಎಡಕ್ಕೆ ಕಾಕಾ, ಈಗ ಬಗ್ಗರಿ ಕಾಕಾ ಎಂದು ಹೇಳಿಕೊಟ್ಟಳು. ನಾಲ್ಕು ಸಲ ಅವನದೇ ದನಿ ಹತ್ತು ಎಣಿಸಿ ಅವನ ತಲೆಗೆ ಕೊಳಗ ಹಾಕಿತು. ಕಾಲುವೆಯ ದಂಡೆಗೆ ಬಂದಾಗ ಅವನು ನಡೆದ, ನಡೆದ, ಮತ್ತೂ ನಡೆದ. ಒಮ್ಮೆಲೇ ಉತ್ಸಾಹ ಬಂತು.

"ಇದು ಉದ್ದ ಆತವಾ. ಖರೇನ ಉದ್ದ ಆತು. ಬ್ಯಾಸರ ಬರತೈತಿ."

ಆಕೆ ಚೀಲದಿಂದ ಸಣ್ಣ ನೋಟ್‌ಬುಕ್ ತೆಗೆದು ಬರೆದುಕೊಂಡಳು. "ನನಗೂ ಹಂಗ ಅನಿಸಿತ್ತು ಕಾಕಾ. ಅರ್ಧ ಕಡಿಮಿ ಮಾಡಸ್ತೀನಿ," ಎಂದಳು. ಹೇಮಪ್ಪ ಹಲ್ಲು ಕಚ್ಚಿದ. ಸಿಕ್ಕ ಒಂದೇ ಒಂದು ನಿಜವಾದ ಕೊರತೆಯನ್ನೂ ಈ ಹುಡುಗಿ ಅವನ ಕೈಯಿಂದಲೇ ಇಸಿದುಕೊಂಡು ಲಾಭ ಮಾಡಿಕೊಂಡಿದ್ದಳು.

ಸಂಜೆ ಮನೆಯಲ್ಲಿ ಕೂತು ಹಳೆಯ ಬರಹ ಅಳಿಸಿದ. ಸುಳ್ಳು ಹೆಸರು ತೆಗೆದು ಸ್ವಂತ ಹೆಸರು ಹಾಕಿದ. ಸಾರ್ವಜನಿಕರ ಗಮನಕ್ಕೆ ಎಂದು ಶುರುಮಾಡಿದ್ದನ್ನು ಹೊಡೆದುಹಾಕಿ, ಈಗ ಆಡಿದೆ, ಕಥೆ ಛಲೋ ಇದೆ, ಕಾಲುವೆ ಉದ್ದವಾಯಿತು ಎಂದು ಮೂರೇ ಸಾಲು ಬರೆದ. ಚಿಕ್ಕಿ ಒತ್ತತೊಡಗಿದ. ನಾಲ್ಕು ಹಳದಿಯಾದವು. ಐದನೆಯದರ ಮೇಲೆ ಬೆರಳು ಬಹಳ ಹೊತ್ತು ನಿಂತಿತು. ಹಾಗೇ ಕಳಿಸಿದ.

ಲಲಿತಾ ಹೆಗಲ ಮೇಲಿಂದ ಬಗ್ಗಿ ನೋಡಿ, ಆ ಒಂದು ಚಿಕ್ಕಿ ಯಾಕೆ ಹಿಡಿದಿಟ್ಟಿರಿ ಎಂದು ಕೇಳಿದಳು. ಕಾಲುವೆಗೆ ಎಂದ ಹೇಮಪ್ಪ. ಆಕೆ ಹೌದೇನೋ ಎಂಬಂತೆ ತಲೆಯಾಡಿಸಿ ಅಡಿಗೆಮನೆಗೆ ಹೋದಳು. ಅನ್ನಕ್ಕೆ ಅಕ್ಕಿ ತೆಗೆಯಲು ಡಬ್ಬಿಯ ಮುಚ್ಚಳ ತೆಗೆದ ಸಪ್ಪಳ ಬಂತು. ಮೊದಲ ಪಾವು ಬೋಗುಣಿಗೆ ಸುರಿದು, ಪಡಸಾಲೆಗೆ ಕೇಳಲಿ ಎಂದೇ ಗಟ್ಟಿಯಾಗಿ ಅಂದಳು:

"ಲಾಭ."